ನಂಬಿ ಓದುವುದು, ಸಂದೇಹಿಸಿ ಓದುವುದು

“ನಾನು ಕಥೆ, ಕಾದಂಬರಿ ಓದುವುದಿಲ್ಲ, ಏನಾದರೂ ಕಲಿಯುವಂಥದ್ದಿದ್ದರೆ ಮಾತ್ರ ಓದುತ್ತೇನೆ” ಎಂಬ ಮಾತನ್ನು ಓದುವ ಅಭ್ಯಾಸವಿರುವವರ ಬಾಯಲ್ಲೇ ಆಗಾಗ ಕೇಳುತ್ತೇವೆ. ಇದಕ್ಕೆ ಎದುರಾಗಿ, ಸಾಹಿತ್ಯವೆಂದರೆ ಕಥೆ, ಕವಿತೆ, ಕಾದಂಬರಿಗಳು ಮಾತ್ರ, ಉಳಿದದ್ದೆಲ್ಲ ಬರಿಯ ಮಾಹಿತಿ ಎನ್ನುವವರೂ ಇದ್ದಾರೆ. ಮೇಲ್ನೋಟಕ್ಕೆ ಈ ಎರಡು ಪಕ್ಷಗಳು ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಎರಡೂ ಪುಸ್ತಕಗಳನ್ನು ಅಳೆಯುವುದು ಒಂದೇ ಅಳತೆಗೋಲಿನಿಂದ: ಓದಿ ಮುಗಿಸಿದ ಮೇಲೆ ನಮಗೆ ಏನು ದಕ್ಕಿತು? ಒಬ್ಬರಿಗೆ ವಿಷಯ ದಕ್ಕಬೇಕು, ಇನ್ನೊಬ್ಬರಿಗೆ ಅನುಭವ ದಕ್ಕಬೇಕು. ಓದುತ್ತಿರುವ ಹೊತ್ತಿನಲ್ಲಿ ನಾವು ಬರೆದವರ ಮಾತನ್ನು ಯಾವ ಬಗೆಯಲ್ಲಿ ನಂಬುತ್ತಿರುತ್ತೇವೆ ಎಂಬುದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಕಥೆಗೂ ಕಥೇತರ ಬರವಣಿಗೆಗೂ ನಡುವಿನ ನಿಜವಾದ ವ್ಯತ್ಯಾಸ ಇರುವುದು ಅಲ್ಲಿಯೇ ಎಂದು ನನಗೆ ಬಹಳ ಕಾಲದಿಂದ ಅನ್ನಿಸುತ್ತಿದೆ. ನಮ್ಮ ಓದಿನ ಅಭ್ಯಾಸಗಳು ಹದಗೆಡುವುದೂ ಅಲ್ಲಿಯೇ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. 1665ರಲ್ಲಿ ಲಂಡನ್ ನಗರಕ್ಕೆ ಪ್ಲೇಗ್ ಬಂತು. ಆ ಒಂದು ವರ್ಷದ ಬಗ್ಗೆ ಮೂರು ಬಗೆಯ ಬರವಣಿಗೆ ನಮ್ಮವರೆಗೂ ಉಳಿದು ಬಂದಿದೆ. ಮೊದಲನೆಯದು, ನಗರದ ಚರ್ಚುಗಳ ಗುಮಾಸ್ತರು ವಾರವಾರವೂ ಸಿದ್ಧಪಡಿಸಿ ಅಚ್ಚು ಹಾಕಿಸುತ್ತಿದ್ದ ಮರಣ ಪಟ್ಟಿಗಳು. ಎರಡನೆಯದು, ನೌಕಾ ಇಲಾಖೆಯ ಅಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಪೀಪ್ಸ್ ಆ ದಿನಗಳಲ್ಲಿ ತನಗಾಗಿ ಬರೆದಿಟ್ಟುಕೊಂಡ ದಿನಚರಿ. ಮೂರನೆಯದು, ಕಾದಂಬರಿಕಾರ ಡೇನಿಯಲ್ ಡಿಫೋ 1722ರಲ್ಲಿ, ಎಂದರೆ ರೋಗ ಬಂದು ಹೋಗಿ ಅರ್ಧ ಶತಮಾನ ಕಳೆದ ಮೇಲೆ, ಪ್ರಕಟಿಸಿದ ‘ಎ ಜರ್ನಲ್ ಆಫ್ ದ ಪ್ಲೇಗ್ ಇಯರ್’. ಪ್ಲೇಗಿನ ವರ್ಷದಲ್ಲಿ ಡಿಫೋಗೆ ಸುಮಾರು ಐದು ವರ್ಷ ವಯಸ್ಸು. ಪುಸ್ತಕವಾದರೋ ಆ ವರ್ಷವಿಡೀ ಲಂಡನ್ನಿನಲ್ಲೇ ಉಳಿದುಕೊಂಡ, ಕುದುರೆ ಜೀನಿನ ವ್ಯಾಪಾರ ಮಾಡುವ ಒಬ್ಬ ನಾಗರಿಕ ತಾನು ಕಂಡದ್ದನ್ನು ಬರೆದಿಟ್ಟ ರೀತಿಯಲ್ಲಿದೆ. ಮುಖಪುಟದ ಮೇಲೆ ಡಿಫೋನ ಹೆಸರೇ ಇರಲಿಲ್ಲ. ಅದನ್ನು ಚರಿತ್ರೆಯೆಂದೇ ತಿಳಿದು ಓದಿದವರು ಬಹಳ ಮಂದಿ.

ಮರಣ ಪಟ್ಟಿಗಳ ಪ್ರಕಾರ ಆ ವರ್ಷ ಲಂಡನ್ನಿನಲ್ಲಿ ಸತ್ತವರು 97,306 ಮಂದಿ. ಅವರಲ್ಲಿ ಪ್ಲೇಗಿನಿಂದ ಸತ್ತವರು 68,596 ಮಂದಿ. ಕೊನೆಯ ಅಂಕಿಯವರೆಗೂ ಲೆಕ್ಕ ಕೊಟ್ಟಿರುವುದರಿಂದ ನಂಬಲು ಮನಸ್ಸು ಥಟ್ಟನೆ ಒಪ್ಪಿಬಿಡುತ್ತದೆ. ಆದರೆ ಒಂದು ಸಣ್ಣ ಕಳೆಯುವ ಲೆಕ್ಕ ಮಾಡಿ ನೋಡಬೇಕು. ಒಟ್ಟು ಸಾವುಗಳಲ್ಲಿ ಪ್ಲೇಗಿನ ಸಾವುಗಳನ್ನು ಕಳೆದರೆ 28,710 ಉಳಿಯುತ್ತದೆ. ಹಿಂದಿನ ವರ್ಷ, 1664ರಲ್ಲಿ, ಎಲ್ಲ ಕಾರಣಗಳೂ ಸೇರಿ ಸತ್ತವರು ಸುಮಾರು 18 ಸಾವಿರ ಮಂದಿ. ಹಾಗಾದರೆ, ಅನುಕೂಲವಿದ್ದವರೆಲ್ಲ ಊರು ಬಿಟ್ಟು ಹೋಗಿದ್ದ ಆ ವರ್ಷದಲ್ಲಿ, ಪ್ಲೇಗಿಗೆ ಸಂಬಂಧವಿಲ್ಲದ ಕಾಯಿಲೆಗಳಿಂದಲೂ ಹತ್ತು ಸಾವಿರ ಮಂದಿ ಹೆಚ್ಚಾಗಿ ಸತ್ತರೇ? ಈ ಪ್ರಶ್ನೆ ಕೇಳಿದ ಕೂಡಲೇ ಪಟ್ಟಿಯ ಹಿಂದಿದ್ದ ಮನುಷ್ಯರು ಕಾಣತೊಡಗುತ್ತಾರೆ. ಸಾವಿನ ಕಾರಣವನ್ನು ಗೊತ್ತು ಮಾಡುತ್ತಿದ್ದವರು ಆ ಕೆಲಸಕ್ಕೆಂದು ನೇಮಕಗೊಂಡ ಬಡ ಮುದುಕಿಯರು. ವೈದ್ಯರು ಬಂದು ನೋಡುತ್ತಿರಲಿಲ್ಲ. ಪ್ಲೇಗ್ ಎಂದು ಆಕೆ ಹೇಳಿದರೆ ಆ ಮನೆಯ ಬಾಗಿಲ ಮೇಲೆ ಕೆಂಪು ಶಿಲುಬೆ ಬರೆದು, ಒಳಗಿದ್ದವರನ್ನು, ಆರೋಗ್ಯವಾಗಿದ್ದವರನ್ನೂ ಸೇರಿಸಿ, ನಲವತ್ತು ದಿನ ಕೂಡಿ ಹಾಕುತ್ತಿದ್ದರು. ಹಾಗಾಗಿ ಬದುಕಿರುವವರನ್ನು ಉಳಿಸಿಕೊಳ್ಳಲು ಮನೆಯವರು ಆಕೆಯ ಕೈ ಬೆಚ್ಚಗೆ ಮಾಡಿ ಬೇರೆ ಕಾಯಿಲೆಯ ಹೆಸರು ಬರೆಸುತ್ತಿದ್ದರು. ಪ್ಲೇಗಿನಿಂದ ನಿಜವಾಗಿ ಸತ್ತವರು ಪಟ್ಟಿಯಲ್ಲಿರುವುದಕ್ಕಿಂತ ಬಹಳ ಹೆಚ್ಚು ಎಂದು ಇತಿಹಾಸಕಾರರು ಹೇಳುವುದಕ್ಕೆ ಇಂಥ ಕಾರಣಗಳಿವೆ.

ಗಮನಿಸಬೇಕಾದದ್ದು ಏನೆಂದರೆ, ಆ ಪಟ್ಟಿ ತಪ್ಪು ಎಂಬುದನ್ನು ಪಟ್ಟಿಯ ಅಂಕಿಗಳಿಂದಲೇ ತೋರಿಸಲು ಸಾಧ್ಯವಾಯಿತು. ಕಥೇತರ ಬರವಣಿಗೆಯ ದೊಡ್ಡತನ ಇರುವುದು ಇದರಲ್ಲಿ ಎಂದು ನಾನು ಭಾವಿಸುತ್ತೇನೆ. ಅದು ತನ್ನನ್ನು ಪರೀಕ್ಷೆಗೆ ಒಡ್ಡಿಕೊಂಡು ನಿಲ್ಲುತ್ತದೆ. ಹೀಗೆ ನಡೆಯಿತು, ಇಷ್ಟು ಮಂದಿ ಸತ್ತರು, ಇದಕ್ಕೆ ಇದು ಕಾರಣ ಎಂದು ಹೇಳಿದ ಮರುಕ್ಷಣವೇ, ಹಾಗಲ್ಲ ಎಂದು ಹೇಳುವ ಹಕ್ಕನ್ನು ಅದು ಓದುಗನಿಗೆ ಕೊಟ್ಟಿರುತ್ತದೆ. ಆ ಹಕ್ಕನ್ನು ಚಲಾಯಿಸದೆ ಓದಿದರೆ ಚರಿತ್ರೆಯ, ವಿಜ್ಞಾನದ, ಅರ್ಥಶಾಸ್ತ್ರದ ಪುಸ್ತಕವನ್ನು ಓದಿದಂತೆ ಆಗುವುದಿಲ್ಲ. ಅದರಲ್ಲಿದ್ದದ್ದನ್ನು ಕಿವಿಗೆ ಹಾಕಿಕೊಂಡಂತೆ ಆಗುತ್ತದೆ, ಅಷ್ಟೆ.

ಈಗ ಡಿಫೋನ ಕಡೆಗೆ ಬರೋಣ. ಅವನೂ ತನ್ನ ಪುಸ್ತಕದ ತುಂಬ ಅದೇ ಮರಣ ಪಟ್ಟಿಗಳ ಅಂಕಿಗಳನ್ನು ಜೋಡಿಸಿದ್ದಾನೆ. ನಂಬಿಸುವ ಉಪಾಯ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವುದು ಬೇರೆ. ನಿರೂಪಕ ಒಂದು ದಿನ ಟೋಕನ್‌ಹೌಸ್ ಯಾರ್ಡ್ ಎಂಬ ಓಣಿಯಲ್ಲಿ ನಡೆದು ಹೋಗುತ್ತಿರುತ್ತಾನೆ. ತಲೆಯ ಮೇಲಿನ ಒಂದು ಕಿಟಕಿ ಇದ್ದಕ್ಕಿದ್ದಂತೆ ತೆರೆದುಕೊಳ್ಳುತ್ತದೆ; ಒಬ್ಬಳು ಹೆಂಗಸು ಮೂರು ಬಾರಿ ಭೀಕರವಾಗಿ ಕಿರುಚಿ, ಸಾವು, ಸಾವು, ಸಾವು ಎಂದು ಕೂಗುತ್ತಾಳೆ. ಆ ದನಿಗೆ ಅವನ ಮೈ ತಣ್ಣಗಾಗುತ್ತದೆ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮತ್ತೊಂದು ಕಿಟಕಿಯೂ ತೆರೆಯುವುದಿಲ್ಲ, ಏಕೆಂದರೆ ಜನರಿಗೆ ಈಗ ಯಾವುದರಲ್ಲೂ ಕುತೂಹಲ ಉಳಿದಿರಲಿಲ್ಲ, ಒಬ್ಬರಿಗೊಬ್ಬರು ನೆರವಾಗುವ ಶಕ್ತಿಯೂ ಇರಲಿಲ್ಲ ಎಂದು ಹೇಳಿ, ನಿರೂಪಕ ಮುಂದಿನ ಓಣಿಗೆ ನಡೆದುಬಿಡುತ್ತಾನೆ.

ಕಿರುಚಿದ ಹೆಂಗಸಿಗಿಂತಲೂ ತೆರೆಯದ ಕಿಟಕಿಗಳು ಇಲ್ಲಿ ಹೆಚ್ಚು ಹೇಳುತ್ತವೆ. ಪಕ್ಕದ ಮನೆಯಲ್ಲಿ ಕೂಗು ಕೇಳಿದರೆ ಕಿಟಕಿ ತೆರೆದು ನೋಡುವುದು ಮನುಷ್ಯನ ಅತ್ಯಂತ ಸಾಮಾನ್ಯವಾದ ಸ್ವಭಾವ. ಅದು ಕೂಡ ಸತ್ತುಹೋದ ಊರು ಹೇಗಿರುತ್ತದೆ ಎಂಬುದನ್ನು 68,596 ಎಂಬ ಅಂಕಿ ಹೇಳಲಾರದು, ಹೇಳಬೇಕಾಗಿಯೂ ಇಲ್ಲ. ಆ ಹೆಂಗಸು ನಿಜವಾಗಿ ಇದ್ದಳೇ, ಆ ಓಣಿಯಲ್ಲಿ ಅಂದು ಆ ಕಿಟಕಿ ತೆರೆಯಿತೇ ಎಂದು ಕೇಳುತ್ತ ನಿಂತವರಿಗೆ ಈ ದೃಶ್ಯ ತೆರೆದುಕೊಳ್ಳುವುದಿಲ್ಲ. ಅದನ್ನು ಓದಬೇಕಾದರೆ ಆ ಓಣಿಯಲ್ಲಿ ನಿರೂಪಕನ ಜೊತೆಗೆ ನಾವೂ ತಲೆಯೆತ್ತಿ ನಿಲ್ಲಬೇಕು, ಎಂದರೆ ಓದುವಷ್ಟು ಹೊತ್ತು ನಮ್ಮನ್ನು ನಾವು ಒಪ್ಪಿಸಿಕೊಂಡುಬಿಡಬೇಕು. ವಿಚಾರಣೆ ಏನಿದ್ದರೂ ಪುಸ್ತಕ ಮುಚ್ಚಿದ ಮೇಲೆ.

ಇಷ್ಟು ಹೇಳಿ, ಕಥೆಗೆ ಮನುಷ್ಯನ ಒಳಗು ಗೊತ್ತು, ದಾಖಲೆಗೆ ಹೊರಗು ಮಾತ್ರ ಗೊತ್ತು ಎಂದು ತೀರ್ಮಾನಿಸಿದರೆ ಪೀಪ್ಸನ ದಿನಚರಿ ಅದನ್ನು ಒಪ್ಪುವುದಿಲ್ಲ. 1665ರ ಸೆಪ್ಟೆಂಬರ್ 3, ಭಾನುವಾರ. ಪ್ಲೇಗ್ ತನ್ನ ತುತ್ತತುದಿಯನ್ನು ಮುಟ್ಟುತ್ತಿದ್ದ ದಿನಗಳು. ಅಂದು ಪೀಪ್ಸ್ ಬಣ್ಣದ ರೇಷ್ಮೆಯ ಉಡುಪು ತೊಟ್ಟು, ಕೃತಕ ಕೂದಲಿನ ಹೊಸ ಟೋಪನ್ನು ತಲೆಗಿಡುತ್ತಾನೆ. ಆ ಟೋಪನ್ನು ಕೊಂಡು ಬಹಳ ದಿನಗಳಾಗಿದ್ದವು. ಕೊಂಡಾಗ ಆ ಬಡಾವಣೆಯಲ್ಲಿ ಪ್ಲೇಗ್ ಇದ್ದದ್ದರಿಂದ ಹಾಕಿಕೊಳ್ಳಲು ಧೈರ್ಯ ಬಂದಿರಲಿಲ್ಲ. ಪ್ಲೇಗ್ ಮುಗಿದ ಮೇಲೆ ಟೋಪುಗಳ ಫ್ಯಾಷನ್ ಏನಾದೀತು, ಸತ್ತವರ ತಲೆಯಿಂದ ಕತ್ತರಿಸಿದ ಕೂದಲಿರಬಹುದೆಂಬ ಭಯದಿಂದ ಯಾರೂ ಕೊಳ್ಳಲಾರರಲ್ಲ ಎಂದು ಅವನು ಯೋಚಿಸುತ್ತಾನೆ. ಊರೆಲ್ಲ ಸಾಯುತ್ತಿರುವಾಗ ಒಬ್ಬ ಬುದ್ಧಿವಂತ ಕೂದಲಿನ ಫ್ಯಾಷನ್ ಬಗ್ಗೆ ಯೋಚಿಸುತ್ತಾನೆ ಎಂದು ಬರೆಯಲು ಕಾದಂಬರಿಕಾರ ಹಿಂಜರಿಯುತ್ತಾನೆ, ಓದುಗರು ನಂಬಲಾರರು ಎಂಬ ಅಳುಕು ಅವನಿಗಿರುತ್ತದೆ. ನಡೆದದ್ದನ್ನು ಬರೆಯುವವನಿಗೆ ಆ ಅಳುಕಿಲ್ಲ. ವಾಸ್ತವಕ್ಕೆ ಮಾತ್ರ ಸಾಧ್ಯವಾಗುವ ಇಂಥ ವಿಚಿತ್ರಗಳು ಸಿಗುತ್ತವೆ ಎಂಬ ಒಂದೇ ಕಾರಣಕ್ಕೂ ದಿನಚರಿ, ಪತ್ರ, ಆತ್ಮಕಥೆಗಳನ್ನು ಓದಬಹುದು.

ಆದರೆ ಪೀಪ್ಸ್ ತನ್ನ ಮನಸ್ಸನ್ನು ಮಾತ್ರ ಬರೆದ. ಓದು ಬರಹ ಬಲ್ಲ, ಕಾಗದ ಮತ್ತು ಬಿಡುವು ಇದ್ದ, ಬರೆದದ್ದು ಹಾಳಾಗದಂತೆ ಕಾಪಿಡಲು ಸ್ಥಳವಿದ್ದ ಮನುಷ್ಯ ಅವನು. ಹೆಣಗಳನ್ನು ಪರೀಕ್ಷಿಸುತ್ತಿದ್ದ ಆ ಮುದುಕಿ, ಮನೆಯವರಿಂದ ನಾಣ್ಯ ಇಸಿದುಕೊಂಡ ರಾತ್ರಿ ಏನನ್ನು ಯೋಚಿಸಿದಳು? ಒಬ್ಬ ಪ್ರಾಮಾಣಿಕ ಇತಿಹಾಸಕಾರ ಇಲ್ಲಿಗೆ ಬಂದು ನಿಲ್ಲಲೇಬೇಕು. ಅವಳ ಕೂಲಿ, ಅವಳ ಕೆಲಸದ ನಿಯಮ, ಅವಳ ಮೇಲಿನ ದೂರುಗಳನ್ನು ಅವನು ಹುಡುಕಿ ಕೊಡಬಲ್ಲ. ಅವಳ ಮನಸ್ಸಿನೊಳಗೆ ಕಾಲಿಟ್ಟರೆ ಅವನು ತನ್ನ ಕಸುಬಿಗೆ ತಪ್ಪಿದಂತೆ. ಮನುಷ್ಯಕುಲದ ಬಹುಪಾಲು ಜನ ಒಂದು ಸಾಲನ್ನೂ ಬರೆದಿಡದೆ ಬದುಕಿ ಸತ್ತಿದ್ದಾರೆ. ಅವರ ಒಳಗಿನ ಬದುಕಿನ ಕಡೆಗೆ ಹೋಗಲು ಕಥೆಯ ಹೊರತು ನಮಗೆ ಬೇರೆ ದಾರಿ ಇಲ್ಲ. ಕಾದಂಬರಿಯ ಬೆಲೆಯ ಬಗ್ಗೆ ಯಾರಾದರೂ ನನ್ನನ್ನು ಕೇಳಿದರೆ ನಾನು ಮೊದಲು ಹೇಳುವ ಮಾತು ಇದು. ಮನರಂಜನೆ, ಭಾಷೆ, ಕಲ್ಪನಾಶಕ್ತಿ ಎಲ್ಲವೂ ಇದರ ನಂತರ ಬರುತ್ತವೆ.

ಈ ವಿಚಾರ ಹೊಸದೇನಲ್ಲ. ನಡೆದದ್ದನ್ನು ಹೇಳುವ ಚರಿತ್ರೆಗಿಂತ ನಡೆಯಬಹುದಾದದ್ದನ್ನು ಹೇಳುವ ಕಾವ್ಯ ತತ್ತ್ವಕ್ಕೆ ಹೆಚ್ಚು ಹತ್ತಿರ ಎಂದು ಅರಿಸ್ಟಾಟಲ್ ಬಹಳ ಹಿಂದೆಯೇ ಹೇಳಿದ್ದಾನೆ. ನಮ್ಮ ಅಲಂಕಾರಶಾಸ್ತ್ರದ ವಿಂಗಡಣೆ ನನಗೆ ಇನ್ನೂ ಹಿಡಿಸುತ್ತದೆ, ಏಕೆಂದರೆ ಅದು ಪುಸ್ತಕದ ವಿಷಯವನ್ನು ಬಿಟ್ಟು, ಪುಸ್ತಕ ನಮ್ಮೊಡನೆ ಮಾತನಾಡುವ ರೀತಿಯನ್ನು ಹಿಡಿಯುತ್ತದೆ. ವೇದಶಾಸ್ತ್ರಗಳದು ಒಡೆಯನ ಆಜ್ಞೆಯಂಥ ಪ್ರಭುಸಮ್ಮಿತ, ಇತಿಹಾಸ ಪುರಾಣಗಳದು ಗೆಳೆಯನ ಬುದ್ಧಿಮಾತಿನಂಥ ಮಿತ್ರಸಮ್ಮಿತ, ಕಾವ್ಯದ್ದು ಒಲಿದವಳು ಮನವೊಲಿಸುವಂಥ ಕಾಂತಾಸಮ್ಮಿತ ಎಂದು ಮಮ್ಮಟನ ‘ಕಾವ್ಯಪ್ರಕಾಶ’ ವಿವರಿಸುತ್ತದೆ. ಗೆಳೆಯ ಹೇಳಿದ್ದನ್ನು ಎದುರು ಪ್ರಶ್ನೆ ಹಾಕಿ ಒಪ್ಪಬಹುದು, ಬಿಡಬಹುದು. ಒಲಿದವರ ಮಾತಿಗೆ ಮನಸ್ಸು ತಾನಾಗಿಯೇ ಬಗ್ಗುತ್ತದೆ. ಆದ್ದರಿಂದ ಕಥೆಯ ಶಕ್ತಿ ಇರುವ ಜಾಗದಲ್ಲೇ ಅದರ ಅಪಾಯವೂ ಇದೆ.

ಆ ಅಪಾಯವನ್ನು ಪ್ರಯೋಗಗಳಲ್ಲೂ ಕಂಡಿದ್ದಾರೆ. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಮಾರ್ಶ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೆಲವರಿಗೆ ಸಣ್ಣ ಕಥೆಗಳನ್ನು ಓದಲು ಕೊಟ್ಟಿದ್ದರು; ಆ ಕಥೆಗಳಲ್ಲಿ ಸಾಮಾನ್ಯ ಜ್ಞಾನದ ಕೆಲವು ಸಂಗತಿಗಳನ್ನು ಬೇಕೆಂದೇ ತಪ್ಪಾಗಿ ಸೇರಿಸಲಾಗಿತ್ತು. ನಂತರ ಪ್ರಶ್ನೆಗಳನ್ನು ಕೇಳಿದಾಗ ಬಹಳ ಮಂದಿ ಕಥೆಯಲ್ಲಿದ್ದ ತಪ್ಪು ಉತ್ತರವನ್ನೇ ಕೊಟ್ಟರು. ಅದಕ್ಕಿಂತ ಹೆಚ್ಚಾಗಿ, ಆ ಉತ್ತರ ತಮಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಭಾವಿಸಿದವರೂ ಇದ್ದರು. ಕಥೆ ಓದುವಾಗ ನಾವು ಬಾಗಿಲು ತೆರೆದಿಟ್ಟಿರುತ್ತೇವೆ, ಪಾತ್ರಗಳ ಜೊತೆಗೆ ಬೇರೆ ಎಷ್ಟೋ ಸಂಗತಿಗಳು ಸದ್ದಿಲ್ಲದೆ ಒಳಗೆ ಬರುತ್ತವೆ. ಐತಿಹಾಸಿಕ ಕಾದಂಬರಿಯನ್ನು ಓದಿ ಒಂದು ಕಾಲದ ಚರಿತ್ರೆಯೇ ಗೊತ್ತಾಯಿತೆಂದು ನಂಬುವವರ ಬಗ್ಗೆ ನನಗಿರುವ ಆತಂಕ ಇದರಿಂದ ಬಂದದ್ದು. ಆ ಕಾದಂಬರಿ ಎಷ್ಟು ಚೆನ್ನಾಗಿದೆಯೋ ಆತಂಕ ಅಷ್ಟು ಹೆಚ್ಚು.

ಒಂದೇ ಬರಹವನ್ನು ನಾವು ಯಾವ ಹೆಸರಿನಲ್ಲಿ ಓದುತ್ತೇವೆ ಎಂಬುದೂ ಓದನ್ನು ಬದಲಾಯಿಸುತ್ತದೆ. ರೋಲ್ಫ್ ಜ್ವಾನ್ ಎಂಬ ಸಂಶೋಧಕ 1994ರಲ್ಲಿ ಇದನ್ನು ಸರಳವಾಗಿ ತೋರಿಸಿದ. ಒಂದೇ ಬರಹವನ್ನು ಕೆಲವರಿಗೆ ಪತ್ರಿಕೆಯ ವರದಿಯೆಂದೂ ಇನ್ನು ಕೆಲವರಿಗೆ ಸಾಹಿತ್ಯ ಕೃತಿಯ ಭಾಗವೆಂದೂ ಹೇಳಿ ಕೊಟ್ಟ. ಸಾಹಿತ್ಯವೆಂದು ನಂಬಿದವರು ಹೆಚ್ಚು ಹೊತ್ತು ತೆಗೆದುಕೊಂಡು ಓದಿದರು. ಬಳಸಿದ ಪದಗಳು, ವಾಕ್ಯಗಳು ಅವರ ನೆನಪಿನಲ್ಲಿ ಹೆಚ್ಚು ಉಳಿದವು. ವರದಿಯೆಂದು ನಂಬಿದವರಿಗೆ ಪದಗಳು ಮರೆತವು, ನಡೆದದ್ದೇನು ಎಂಬುದು ಹೆಚ್ಚು ಸ್ಪಷ್ಟವಾಗಿ ಉಳಿಯಿತು. ಕಾಗದದ ಮೇಲಿನ ಒಂದಕ್ಷರವೂ ಬದಲಾಗಿರಲಿಲ್ಲ. ಕಥೆ ಮತ್ತು ಕಥೇತರ ಎಂಬ ವಿಂಗಡಣೆ ಪುಸ್ತಕದಂಗಡಿಯ ಕಪಾಟಿಗೆ ಅಂಟಿಸಿದ ಚೀಟಿ ಮಾತ್ರ ಎನ್ನುವವರು ಇದನ್ನು ಗಮನಿಸಬೇಕು. ಆ ಚೀಟಿ ಬರೆದವರು ಓದುಗನಿಗೆ ಕೊಡುವ ಮಾತು. ಮಾತು ಕೊಟ್ಟ ಮೇಲೆ ನಡೆದುಕೊಳ್ಳಬೇಕು.

ನಡೆದುಕೊಂಡವರನ್ನೂ ಕೊಟ್ಟ ಮಾತಿಗೆ ತಪ್ಪಿದವರನ್ನೂ ಹತ್ತಿರ ಹತ್ತಿರದ ವರ್ಷಗಳಲ್ಲೇ ಕಾಣಬಹುದು. ರೇಚಲ್ ಕಾರ್ಸನ್ 1962ರಲ್ಲಿ ಪ್ರಕಟಿಸಿದ ‘ಸೈಲೆಂಟ್ ಸ್ಪ್ರಿಂಗ್’ ಕೀಟನಾಶಕಗಳ ದುಷ್ಪರಿಣಾಮದ ಬಗೆಗಿನ ವಿಜ್ಞಾನ ಕೃತಿ. ಕೊನೆಯಲ್ಲಿ ಐವತ್ತಕ್ಕೂ ಹೆಚ್ಚು ಪುಟಗಳ ಆಕರ ಪಟ್ಟಿಯಿದೆ. ಆದರೆ ಅದರ ಮೊದಲ ಅಧ್ಯಾಯ ಒಂದು ಕಟ್ಟುಕಥೆ. ಹಕ್ಕಿಗಳ ದನಿಯೇ ಅಡಗಿಹೋದ ಒಂದು ಊರನ್ನು ವರ್ಣಿಸಿ, ಅಧ್ಯಾಯ ಮುಗಿಯುವ ಮುನ್ನ, ಇಂಥ ಊರು ವಾಸ್ತವದಲ್ಲಿ ಇಲ್ಲ, ಆದರೆ ಇಲ್ಲಿ ಹೇಳಿದ ಒಂದೊಂದು ಅನಾಹುತವೂ ಎಲ್ಲೋ ಒಂದು ಕಡೆ ನಡೆದಿದೆ ಎಂದು ಆಕೆ ಬಿಚ್ಚಿ ಹೇಳುತ್ತಾರೆ. ಕೀಟನಾಶಕ ಉದ್ಯಮ ಆ ಅಧ್ಯಾಯವನ್ನೇ ಹಿಡಿದು ಅಣಕಿಸಿತು. ಆದರೂ ಕಾರ್ಸನ್ ಓದುಗರಿಗೆ ಮೋಸ ಮಾಡಿದರು ಎನ್ನಲು ಎಡೆಯಿಲ್ಲ. ಎಲ್ಲಿ ನಂಬಿ ಓದಬೇಕು, ಎಲ್ಲಿಂದ ಪರೀಕ್ಷಿಸಿ ಓದಬೇಕು ಎಂಬ ಗೆರೆಯನ್ನು ಅವರೇ ಎಳೆದಿದ್ದರು. ಅಮೆರಿಕದಲ್ಲಿ ಡಿಡಿಟಿ ಬಳಕೆಗೆ ನಿಷೇಧ ಬಂದದ್ದು 1972ರಲ್ಲಿ, ಅವರು ತೀರಿಕೊಂಡು ಎಂಟು ವರ್ಷಗಳಾದ ಮೇಲೆ. ಟ್ರೂಮನ್ ಕಪೋಟಿ 1966ರಲ್ಲಿ ಪುಸ್ತಕವಾಗಿ ತಂದ ‘ಇನ್ ಕೋಲ್ಡ್ ಬ್ಲಡ್’ ಒಂದು ಕೊಲೆ ಪ್ರಕರಣದ ಬಗ್ಗೆ. ಪ್ರತಿಯೊಂದು ಮಾತೂ ನಿಜವೆಂದು ಆತ ಹೇಳಿಕೊಂಡಿದ್ದ. ಆದರೆ ಸ್ಮಶಾನದಲ್ಲಿ ನಡೆಯುವ ಅದರ ಕೊನೆಯ ಭೇಟಿ ಅವನ ಕಲ್ಪನೆ ಎಂಬುದು ಮುಂದೆ ಬಯಲಾಯಿತು. ಆ ದೃಶ್ಯ ಬಹಳ ಚೆನ್ನಾಗಿದೆ. ಅದು ಕಾದಂಬರಿಯಲ್ಲಿದ್ದಿದ್ದರೆ ನಾನು ಮೆಚ್ಚುತ್ತಿದ್ದೆ. ನಿಜವೆಂದು ಹೇಳಿ ಕೊಟ್ಟದ್ದರಿಂದ ಹಿಂದಿನ ಪುಟಗಳ ಮೇಲೂ ಸಂದೇಹ ಹುಟ್ಟುತ್ತದೆ.

ನಮ್ಮ ಅಭ್ಯಾಸಗಳ ಮಾತಿಗೆ ಬಂದರೆ, ಇಂದಿನ ಓದಿನಲ್ಲಿ ಈ ಎರಡು ಬಗೆಯ ನಂಬಿಕೆ ಅದಲುಬದಲಾಗಿವೆ ಎಂದು ನನಗೆ ಕಾಣುತ್ತದೆ. ಜನ ಹೆಚ್ಚಾಗಿ ಕೊಳ್ಳುವ ಕಥೇತರ ಪುಸ್ತಕಗಳ ರಚನೆಯನ್ನು ನೋಡಿ. ಯಶಸ್ಸಿನ ಸೂತ್ರ ಹೇಳುವ ಪುಸ್ತಕಗಳಲ್ಲಿ ಪ್ರತಿ ಅಧ್ಯಾಯವೂ ಒಬ್ಬ ವ್ಯಕ್ತಿಯ ಕಥೆಯಿಂದ ಶುರುವಾಗುತ್ತದೆ: ಸೋಲು, ಛಲ, ತಿರುವು, ಗೆಲುವು. ಕಥೆ ಮುಗಿಯುವ ಹೊತ್ತಿಗೆ ಓದುಗ ಕರಗಿರುತ್ತಾನೆ. ಆಗ ಒಂದು ನಿಯಮ ಬರುತ್ತದೆ. ಅದೇ ಛಲ, ಅದೇ ದುಡಿಮೆ ಇದ್ದೂ ಸೋತವರು ಎಷ್ಟು ಮಂದಿ ಎಂಬ ಪ್ರಶ್ನೆ ಏಳುವುದೇ ಇಲ್ಲ, ಏಕೆಂದರೆ ಅವರ ಬಗ್ಗೆ ಯಾರೂ ಪುಸ್ತಕ ಬರೆಯುವುದಿಲ್ಲ. ಇಂಥ ಪುಸ್ತಕಗಳಲ್ಲಿ ಬಹಳಷ್ಟು ಒಂದು ಒಳ್ಳೆಯ ಲೇಖನದಲ್ಲಿ ಮುಗಿಯಬೇಕಾದ ವಿಷಯವನ್ನು ಇನ್ನೂರು ಪುಟಗಳಿಗೆ ಹಿಗ್ಗಿಸಿರುತ್ತವೆ ಎಂಬುದು ನನ್ನ ಅಭಿಪ್ರಾಯ. ಕಾದಂಬರಿಯನ್ನು ಓದುವಂತೆ ಅವುಗಳನ್ನು ಕಣ್ಣು ಮುಚ್ಚಿ ನಂಬಿ ಓದುತ್ತೇವೆ. ಕಾದಂಬರಿಯ ವಿಷಯದಲ್ಲಿ ಇದರ ಉಲ್ಟಾ. ಅದರಿಂದ ಕಲಿತ ಪಾಠಗಳೇನು, ಸಾರಾಂಶವೇನು, ಸಂದೇಶವೇನು ಎಂದು ಕೇಳಿ, ಹತ್ತು ನಿಮಿಷದ ಸಂಕ್ಷೇಪವನ್ನು ಮೊಬೈಲಿನಲ್ಲಿ ಕೇಳಿಸಿಕೊಂಡು, ಓದಿದ ಪಟ್ಟಿಗೆ ಸೇರಿಸಿಬಿಡುತ್ತೇವೆ.

ಸಾರಾಂಶದ ಮಟ್ಟಿಗೆ ಎರಡೂ ಬಗೆಯ ಪುಸ್ತಕಗಳು ಒಂದೇ ಅಲ್ಲ. ಒಂದು ವಾದವನ್ನು ಪ್ರಾಮಾಣಿಕವಾಗಿ ಸಂಗ್ರಹಿಸಬಹುದು. ಆಧಾರಗಳು ಬಿಟ್ಟುಹೋದರೂ ವಾದದ ಆಕಾರ ಉಳಿಯುತ್ತದೆ. ಆಧಾರ ಬೇಕಾದವರು ಮೂಲಕ್ಕೆ ಹೋಗುತ್ತಾರೆ. ಕಾದಂಬರಿಯ ಸಂಗ್ರಹದಲ್ಲಿ ಉಳಿಯುವುದು ಘಟನೆಗಳ ಪಟ್ಟಿ. ಡಿಫೋನ ಆ ಓಣಿಯ ದೃಶ್ಯವನ್ನು ಸಂಗ್ರಹಿಸಿದರೆ ‘ಒಬ್ಬ ಹೆಂಗಸು ಕಿರುಚಿದಳು’ ಎಂದಾಗುತ್ತದೆ, ಕಿಟಕಿಗಳು ಬಿದ್ದುಹೋಗುತ್ತವೆ.

ನನ್ನ ರೂಢಿಯನ್ನು ಹೇಳುವುದಾದರೆ, ಕಥೇತರ ಪುಸ್ತಕ ಕೈಗೆ ಬಂದಾಗ ನಾನು ಮೊದಲು ತೆರೆಯುವುದು ಅದರ ಕೊನೆಯ ಪುಟಗಳನ್ನು: ಆಕರಗಳು, ಟಿಪ್ಪಣಿಗಳು, ಪದಸೂಚಿ. ಲೇಖಕರ ಒಂದು ದೊಡ್ಡ ಹೇಳಿಕೆಯನ್ನು ಆರಿಸಿಕೊಂಡು ಅದರ ಟಿಪ್ಪಣಿ ಎಲ್ಲಿಗೆ ಕರೆದೊಯ್ಯುತ್ತದೆ ಎಂದು ನೋಡುತ್ತೇನೆ. ಟಿಪ್ಪಣಿ ಒಂದು ಪತ್ರಿಕಾ ವರದಿಗೆ ಹೋಗಿ, ಆ ವರದಿ ಇನ್ಯಾರದೋ ಮಾತಿಗೆ ಹೋಗಿ ನಿಂತರೆ, ಪುಸ್ತಕವನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕೆಂಬುದು ಆಗಲೇ ಗೊತ್ತಾಗುತ್ತದೆ. ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಬರೆಯುತ್ತೇನೆ, ಬೇಡದ ಅಧ್ಯಾಯಗಳನ್ನು ಬಿಟ್ಟು ಮುಂದೆ ಹೋಗುತ್ತೇನೆ, ನಡುವೆಯೇ ನಿಲ್ಲಿಸುವುದಕ್ಕೂ ಸಂಕೋಚಪಡುವುದಿಲ್ಲ. ಕಾದಂಬರಿಗೆ ಪೆನ್ಸಿಲ್ ಹಿಡಿಯುವುದಿಲ್ಲ. ಮುನ್ನುಡಿಯನ್ನು ಕೂಡ ಕೊನೆಯಲ್ಲಿ ಓದುತ್ತೇನೆ, ಏಕೆಂದರೆ ಮುನ್ನುಡಿಕಾರರು ಏನು ನೋಡಬೇಕೆಂದು ಮೊದಲೇ ಹೇಳಿಬಿಟ್ಟರೆ ಅಷ್ಟನ್ನೇ ನೋಡಿ ಬರುತ್ತೇವೆ. ಅದಕ್ಕೆ ಬೇಕಾದದ್ದು ಕಡಿಯದ ಸಮಯ. ಎರಡು ಗಂಟೆ ಒಟ್ಟಿಗೆ ಸಿಗದಿದ್ದರೆ ಆ ದಿನ ಪ್ರಬಂಧವನ್ನೋ ವಿಜ್ಞಾನದ ಪುಸ್ತಕವನ್ನೋ ಓದುವುದು ಮೇಲು.

ಪರದೆಯ ಮೇಲೆ ಓದಬೇಕೇ ಕಾಗದದ ಮೇಲೆ ಓದಬೇಕೇ ಎಂಬ ಚರ್ಚೆಯಲ್ಲೂ ಈ ವ್ಯತ್ಯಾಸ ತಲೆಹಾಕುತ್ತದೆ. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು, ಒಟ್ಟು 1.7 ಲಕ್ಷಕ್ಕೂ ಹೆಚ್ಚು ಓದುಗರನ್ನು, ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮಾಹಿತಿಯ ಬರಹಗಳನ್ನು ಕಾಗದದ ಮೇಲೆ ಓದಿದವರು ಹೆಚ್ಚು ಚೆನ್ನಾಗಿ ಗ್ರಹಿಸಿದ್ದರು. ಬರಿಯ ಕಥನಗಳ ವಿಷಯದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ರೂಢಿ ಇದಕ್ಕೆ ತಿರುಗುಮುರುಗು. ಕಾದಂಬರಿಯನ್ನು ಅಚ್ಚಿನ ಪ್ರತಿಯಲ್ಲೇ ಓದಬೇಕೆಂದು ಹಟ ಹಿಡಿದು, ಎಚ್ಚರದಿಂದ ಓದಬೇಕಾದ ವರದಿಯನ್ನು, ವಾದವನ್ನು ಫೋನಿನಲ್ಲಿ ಬೆರಳಾಡಿಸುತ್ತ ಓದುತ್ತೇವೆ.

ಕನ್ನಡದ ಓದುಗರಿಗೆ ಒಂದು ಭಾಗ್ಯವಿದೆ. ಈ ಎರಡು ಕಡೆಗಳ ನಡುವೆ ಸಲೀಸಾಗಿ ಓಡಾಡಿದ ಬರಹಗಾರರು ನಮ್ಮಲ್ಲಿದ್ದಾರೆ. ಶಿವರಾಮ ಕಾರಂತರು ಕಾದಂಬರಿಗಳ ಜೊತೆಜೊತೆಗೇ ಮಕ್ಕಳಿಗಾಗಿ ‘ಬಾಲಪ್ರಪಂಚ’ವೆಂಬ ವಿಶ್ವಕೋಶವನ್ನು ರಚಿಸಿದರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರದ ಪುಸ್ತಕ. ಗಿಡಗಳ ವಿವರ, ಚಿತ್ರಗಳು ಶಾಸ್ತ್ರಬದ್ಧವಾಗಿರುವಂತೆ ಅವುಗಳನ್ನು ಹುಡುಕಿ ಹೊರಟ ಮೇಷ್ಟರೂ ವಿದ್ಯಾರ್ಥಿಗಳೂ ಪಾತ್ರಗಳಾಗಿ ಓಡಾಡುತ್ತಾರೆ. ಅದನ್ನು ಓದುವಾಗ ಯಾವ ಕ್ಷಣದಲ್ಲಿ ನಂಬುತ್ತಿದ್ದೇವೆ, ಯಾವ ಕ್ಷಣದಲ್ಲಿ ಕಲಿಯುತ್ತಿದ್ದೇವೆ ಎಂಬುದು ನಮಗೇ ತಿಳಿಯುತ್ತಿರುತ್ತದೆ, ಏಕೆಂದರೆ ಬರೆದವರು ಗಿಡದ ವಿಷಯದಲ್ಲಿ ಕಥೆ ಕಟ್ಟಲಿಲ್ಲ.

ಕಾದಂಬರಿ ಓದಿದರೆ ಸಹಾನುಭೂತಿ ಬೆಳೆಯುತ್ತದೆಂದು ವಿಜ್ಞಾನವೇ ಸಾಬೀತು ಮಾಡಿದೆ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಇದರ ಬೇರು ಮುಖ್ಯವಾಗಿ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿದೆ. ಸಾಹಿತ್ಯಿಕ ಕಥೆಯ ಒಂದು ಭಾಗವನ್ನು ಓದಿದವರು ಕಣ್ಣುಗಳ ಛಾಯಾಚಿತ್ರ ನೋಡಿ ಭಾವನೆಯನ್ನು ಗುರುತಿಸುವುದರಲ್ಲಿ ಮೇಲುಗೈ ಸಾಧಿಸಿದರು ಎಂದು ಅದು ಹೇಳಿತ್ತು. 2018ರಲ್ಲಿ, ‘ನೇಚರ್’ ಮತ್ತು ‘ಸೈನ್ಸ್’ ಪತ್ರಿಕೆಗಳ 21 ಸಮಾಜ ವಿಜ್ಞಾನ ಪ್ರಯೋಗಗಳನ್ನು ಮತ್ತೆ ನಡೆಸಿ ನೋಡಿದಾಗ ಈ ಫಲಿತಾಂಶ ಮರಳಿ ಬರಲಿಲ್ಲ. ಅದೇ ವರ್ಷ 14 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಮತ್ತೊಂದು ವಿಶ್ಲೇಷಣೆಗೆ ಪರಿಣಾಮ ಇದೆ, ಆದರೆ ಬಹಳ ಸಣ್ಣದು ಎಂದು ಕಂಡುಬಂತು. ಕಥೆಯನ್ನು ಪ್ರೀತಿಸುವವರಿಗೆ ಇದರಿಂದ ನಿರಾಶೆಯಾಗಬೇಕಾಗಿಲ್ಲ. ಒಂದು ಗಂಟೆಯ ಓದು ಮನುಷ್ಯನನ್ನು ಅಳೆಯಬಹುದಾದಷ್ಟು ಬದಲಾಯಿಸುತ್ತದೆಂದು ಕಾದಂಬರಿ ಎಂದೂ ಮಾತು ಕೊಟ್ಟಿರಲಿಲ್ಲ. ಉಪಯೋಗದ ಪಕ್ಷದವರನ್ನು ಒಪ್ಪಿಸಲು ಕಾದಂಬರಿಗೂ ಉಪಯೋಗದ ಪ್ರಮಾಣಪತ್ರ ತಂದುಕೊಡುವ ಪ್ರಯತ್ನವನ್ನು ನಾವು ಬಿಡುವುದು ಒಳ್ಳೆಯದು.

ಚಾರ್ಲ್ಸ್ ಡಾರ್ವಿನ್ 1876ರಲ್ಲಿ ತನ್ನ ಮಕ್ಕಳಿಗೆಂದು ಬರೆಯತೊಡಗಿದ ಆತ್ಮಕಥೆಯಲ್ಲಿ ಈ ವಿಷಯದ ಬಗ್ಗೆ ಬಹಳ ನೇರವಾದ ಪುಟಗಳಿವೆ. ಮೂವತ್ತರ ವಯಸ್ಸಿನವರೆಗೂ ಅಷ್ಟೊಂದು ಸುಖ ಕೊಟ್ಟಿದ್ದ ಕವಿತೆಯ ಒಂದು ಸಾಲನ್ನೂ ಈಗ ಸಹಿಸಲಾರೆ, ಸಂಗತಿಗಳ ರಾಶಿಯಿಂದ ಸಾಮಾನ್ಯ ನಿಯಮಗಳನ್ನು ಅರೆದು ತೆಗೆಯುವ ಯಂತ್ರವಾಗಿಬಿಟ್ಟಿದೆ ನನ್ನ ಮನಸ್ಸು ಎಂದು ಆತ ನೊಂದು ಬರೆಯುತ್ತಾನೆ. ಮತ್ತೊಮ್ಮೆ ಬದುಕುವುದಾದರೆ ವಾರಕ್ಕೊಮ್ಮೆಯಾದರೂ ಕವಿತೆ ಓದುವ, ಸಂಗೀತ ಕೇಳುವ ನಿಯಮ ಇಟ್ಟುಕೊಳ್ಳುತ್ತಿದ್ದೆ ಎನ್ನುತ್ತಾನೆ. ಆದರೆ ಕಾದಂಬರಿಗಳು ಅವನನ್ನು ಕೈಬಿಡಲಿಲ್ಲ. ಮನೆಯವರು ಗಟ್ಟಿಯಾಗಿ ಓದಿ ಹೇಳುತ್ತಿದ್ದ ಕಾದಂಬರಿಗಳನ್ನು ಅವನು ಬಹಳ ಇಷ್ಟಪಟ್ಟು ಕೇಳುತ್ತಿದ್ದ, ಎಲ್ಲ ಕಾದಂಬರಿಕಾರರನ್ನೂ ಹರಸುತ್ತಿದ್ದ, ದುಃಖದಲ್ಲಿ ಮುಗಿಯುವ ಕಾದಂಬರಿಗಳ ವಿರುದ್ಧ ಕಾನೂನು ತರಬೇಕೆಂದೂ ಬಯಸಿದ್ದ. ಸಂದೇಹಿಸುವುದನ್ನೇ ಕಸುಬಾಗಿಸಿಕೊಂಡು, ತನ್ನ ಸಿದ್ಧಾಂತಕ್ಕೆ ಬರಬಹುದಾದ ಆಕ್ಷೇಪಗಳನ್ನೆಲ್ಲ ತಾನೇ ಕಲೆಹಾಕಿ ಬರೆದಿಟ್ಟ ಮನುಷ್ಯ ಅವನು. ಕೆಲಸ ಮುಗಿದ ಮೇಲೆ ಪಾತ್ರಗಳಿಗೆ ಒಳ್ಳೆಯದಾಗಲಿ ಎಂದು ಹಾರೈಸುತ್ತ ಕೇಳುತ್ತಿದ್ದ. ಎರಡೂ ಒಬ್ಬನೇ ಮನುಷ್ಯನ ಓದು.

ಓದುವುದನ್ನು ಬಿಟ್ಟು ವರ್ಷಗಳಾಗಿವೆ, ಮತ್ತೆ ಶುರು ಮಾಡಬೇಕು, ಯಾವುದರಿಂದ ಆರಂಭಿಸಲಿ ಎಂದು ಕೇಳುವವರಿಗೆ ನಾನು ಕಥೆಯನ್ನೇ ಹೇಳುತ್ತೇನೆ. ಇದಕ್ಕೆ ಕಾರಣ ಸರಳವಾದದ್ದು: ಕಥನ ರೂಪದ ಬರಹ ವಿವರಣೆಯ ಬರಹಕ್ಕಿಂತ ಸುಲಭವಾಗಿ ಅರ್ಥವಾಗುತ್ತದೆ, ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂಬುದು 33 ಸಾವಿರಕ್ಕೂ ಹೆಚ್ಚು ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆಯಲ್ಲಿ ಕಂಡುಬಂದಿದೆ. ತಪ್ಪಿಹೋದ ಅಭ್ಯಾಸ ಮರಳಿ ಬರಲು ಆ ಸುಲಭತೆ ಬೇಕು. ಆ ಕಾದಂಬರಿ ಮುಗಿದ ಮೇಲೆ, ಅದೇ ಕಾಲದ, ಅದೇ ಸಂಗತಿಯ ಬಗ್ಗೆ ಟಿಪ್ಪಣಿಗಳಿರುವ ಒಂದು ಚರಿತ್ರೆಯ ಪುಸ್ತಕವನ್ನು ತೆಗೆದುಕೊಳ್ಳಿ ಎನ್ನುತ್ತೇನೆ. ಎರಡರಲ್ಲೂ ಬರುವ ಒಂದು ಘಟನೆಯನ್ನು ಆರಿಸಿ, ಕಾದಂಬರಿಕಾರ ಏನನ್ನು ಸೇರಿಸಿದ್ದಾನೆ, ಇತಿಹಾಸಕಾರ ಎಲ್ಲಿ ಬಂದು ನಿಂತಿದ್ದಾನೆ ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು. ಮೂರನೆಯ ಪುಸ್ತಕವನ್ನು ಅವರು ಯಾರನ್ನೂ ಕೇಳದೆ ತಾವೇ ಆರಿಸಿಕೊಳ್ಳುತ್ತಾರೆ.